ಕಣಜ ತುಂಬಿದ ಮೇಲೆ ಲಿವರಿಗೆ ಏನಾಗುತ್ತದೆ?

ಸ್ಕ್ಯಾನಿಂಗ್ ಕೋಣೆಯಲ್ಲಿ ದೀಪ ಮಂಕಾಗಿರುತ್ತದೆ. ವೈದ್ಯರು ಬಲಗಡೆಯ ಪಕ್ಕೆಲುಬುಗಳ ಕೆಳಗೆ ತಣ್ಣನೆಯ ಜೆಲ್ ಸವರಿ, ಕೈಯಲ್ಲಿರುವ ಸಾಧನವನ್ನು ಒತ್ತಿ ಹಿಡಿದು, "ಉಸಿರು ಎಳೆದುಕೊಳ್ಳಿ, ಹಾಗೇ ಹಿಡಿದುಕೊಳ್ಳಿ" ಎನ್ನುತ್ತಾರೆ. ಆಗ ಪರದೆಯ ಮೇಲೆ ಲಿವರ್ ಮತ್ತು ಬಲ ಮೂತ್ರಪಿಂಡ ಅಕ್ಕಪಕ್ಕದಲ್ಲಿ ಕಾಣುತ್ತವೆ. ಆರೋಗ್ಯವಂತರಲ್ಲಿ ಎರಡರ ಬೂದುಬಣ್ಣವೂ ಹೆಚ್ಚುಕಡಿಮೆ ಒಂದೇ. ಲಿವರಿನ ಜೀವಕೋಶಗಳಲ್ಲಿ ಕೊಬ್ಬಿನ ಹನಿಗಳು ಸೇರಿಕೊಂಡಿದ್ದರೆ ಅವು ಶಬ್ದದ ಅಲೆಗಳನ್ನು ಹೆಚ್ಚು ಚದುರಿಸುತ್ತವೆ, ಲಿವರ್ ಪಕ್ಕದ ಮೂತ್ರಪಿಂಡಕ್ಕಿಂತ ಬೆಳ್ಳಗೆ ಹೊಳೆಯುತ್ತದೆ. ಸ್ವಲ್ಪ ಹೊಳೆದರೆ ವರದಿಯಲ್ಲಿ 'ಫ್ಯಾಟಿ ಲಿವರ್, ಗ್ರೇಡ್ 1' ಎಂದು ಬರುತ್ತದೆ. ಹೊಳಪು ಹೆಚ್ಚಿ ಒಳಗಿನ ರಕ್ತನಾಳಗಳ ಅಂಚು ಮಸುಕಾದರೆ ಗ್ರೇಡ್ 2. ಲಿವರಿನ ಹಿಂಭಾಗವೇ ಸರಿಯಾಗಿ ಕಾಣದಷ್ಟಾದರೆ ಗ್ರೇಡ್ 3.

ಈ ಸಾಲನ್ನು ಹುಡುಕಿಕೊಂಡು ಹೋದವರು ಕಡಿಮೆ. ಪಿತ್ತಕೋಶದ ಕಲ್ಲಿಗೋ ಹೊಟ್ಟೆನೋವಿಗೋ ವಾರ್ಷಿಕ ತಪಾಸಣೆಗೋ ಹೋದವರ ಕೈಗೆ ಇದು ಅನಿರೀಕ್ಷಿತವಾಗಿ ಬಂದು ಸೇರುತ್ತದೆ. ಕೆಲವರು ಬೆಚ್ಚಿಬೀಳುತ್ತಾರೆ. ಇನ್ನೂ ಹೆಚ್ಚಿನವರು "ಈಗ ಎಲ್ಲರಿಗೂ ಇರುತ್ತದೆ ಬಿಡಿ" ಎಂದು ವರದಿಯನ್ನು ಮಡಚಿ ಬೀರುವಿನಲ್ಲಿ ಇಡುತ್ತಾರೆ. ಹೆದರಿದವರಿಗೂ ಕಡೆಗಣಿಸಿದವರಿಗೂ ತಿಳಿಯದೆ ಹೋದ ವಿಷಯ ಒಂದೇ: ಆ ಗ್ರೇಡ್ ಹೇಳುವುದು ಲಿವರಿನಲ್ಲಿ ಕೊಬ್ಬು ಎಷ್ಟಿದೆ ಎಂಬುದನ್ನು ಮಾತ್ರ. ಲಿವರಿಗೆ ಎಷ್ಟು ಪೆಟ್ಟಾಗಿದೆ ಎಂಬುದನ್ನು ಅದು ಹೇಳುವುದಿಲ್ಲ. ಗ್ರೇಡ್ 3 ಇರುವವರ ಲಿವರಿನಲ್ಲಿ ಗಾಯದ ಗುರುತೇ ಇಲ್ಲದಿರಬಹುದು. ಗ್ರೇಡ್ 1 ಇರುವವರಲ್ಲಿ ಗಾಯ ಆಳವಾಗಿ ಬೇರೂರಿರಬಹುದು. ಬೊಜ್ಜು ಲಿವರನ್ನು ಹೇಗೆ ಕೆಡಿಸುತ್ತದೆ ಎಂಬುದನ್ನು ಬುಡದಿಂದ ನೋಡಿಕೊಂಡು ಬಂದರೆ ಈ ವ್ಯತ್ಯಾಸದ ಬೆಲೆ ಗೊತ್ತಾಗುತ್ತದೆ.

ಕಣಜ ಮತ್ತು ಅಡುಗೆಮನೆ

ಪಿತ್ತಜನಕಾಂಗ, ಯಕೃತ್ತು ಎಂಬ ಹೆಸರುಗಳಿದ್ದರೂ ಆಸ್ಪತ್ರೆಯಲ್ಲೂ ಮನೆಯಲ್ಲೂ ಈಗ ಎಲ್ಲರ ಬಾಯಲ್ಲಿರುವುದು ಲಿವರ್. ವಯಸ್ಕರಲ್ಲಿ ಅದರ ತೂಕ ಸುಮಾರು ಒಂದೂವರೆ ಕಿಲೋ. ಪ್ರತಿ ನಿಮಿಷಕ್ಕೆ ಹತ್ತಿರಹತ್ತಿರ ಒಂದೂವರೆ ಲೀಟರ್ ರಕ್ತ ಅದರ ಮೂಲಕ ಹಾದುಹೋಗುತ್ತದೆ. ಬೇರೆ ಹೆಚ್ಚಿನ ಅಂಗಗಳಿಗೆ ರಕ್ತ ಬರುವುದು ಹೃದಯದಿಂದ ಹೊರಟ ಅಪಧಮನಿಗಳ ಮೂಲಕ. ಲಿವರಿಗೆ ಎರಡು ದಾರಿ. ಸುಮಾರು ಕಾಲು ಭಾಗ ಅಪಧಮನಿಯಿಂದ ಬಂದರೆ, ಉಳಿದ ಮುಕ್ಕಾಲು ಭಾಗ ಪೋರ್ಟಲ್ ಅಭಿಧಮನಿ ಎಂಬ ದೊಡ್ಡ ನಾಳದಲ್ಲಿ, ಕರುಳನ್ನು ಸುತ್ತಿಕೊಂಡು ಬರುತ್ತದೆ. ಕರುಳು ಹೀರಿದ ಸಕ್ಕರೆ, ಅಮೈನೋ ಆಮ್ಲ, ಔಷಧ ಎಲ್ಲವೂ ದೇಹದ ಬೇರೆಡೆಗೆ ಹೋಗುವ ಮುಂಚೆ ಮೊದಲು ಲಿವರಿನ ಬಾಗಿಲಿಗೆ ಬರುತ್ತವೆ. ಹೀಗಾಗಿ ಲಿವರನ್ನು ದೇಹದ ಅಡುಗೆಮನೆ ಎಂದರೆ ತಪ್ಪಾಗದು. ಬಂದದ್ದನ್ನು ಆರಿಸುವುದು, ಬೇಯಿಸುವುದು, ಯಾರಿಗೆ ಎಷ್ಟು ಬಡಿಸಬೇಕೆಂದು ನಿರ್ಧರಿಸುವುದು, ಕೆಟ್ಟದ್ದನ್ನು ಹೊರಹಾಕುವುದು ಎಲ್ಲವೂ ಅಲ್ಲೇ.

ಅಡುಗೆಮನೆಯಲ್ಲಿ ದಿನಬಳಕೆಗೆ ಬೇಕಾದಷ್ಟು ಸಾಮಾನು ಇರಬೇಕೇ ಹೊರತು ವರ್ಷದ ದಾಸ್ತಾನು ಇರಬಾರದು. ದಾಸ್ತಾನಿಗೆ ದೇಹದಲ್ಲಿ ಬೇರೆಯದೇ ಕಣಜವಿದೆ: ಚರ್ಮದ ಕೆಳಗಿರುವ ಕೊಬ್ಬಿನ ಪದರ. ಸೊಂಟ, ತೊಡೆ, ತೋಳುಗಳಲ್ಲಿ ಹರಡಿರುವ ಈ ಪದರಕ್ಕೆ ಹೆಚ್ಚುವರಿ ಶಕ್ತಿಯನ್ನು ಕೊಬ್ಬಾಗಿ ಕೂಡಿಡುವುದೇ ಕೆಲಸ. ಅದು ಆ ಕೆಲಸವನ್ನು ಚೆನ್ನಾಗಿ ಮಾಡುವವರೆಗೆ ಲಿವರಿಗೆ ತೊಂದರೆಯಿಲ್ಲ. ಬೊಜ್ಜು ಎಂದೊಡನೆ ನಾವು ಈ ಪದರವನ್ನೇ ಆರೋಪಿಯನ್ನಾಗಿ ನೋಡುತ್ತೇವೆ. ನಿಜಕ್ಕೂ ಅದು ನಮ್ಮ ರಕ್ಷಣೆಗೆ ನಿಂತದ್ದು.

ಇದಕ್ಕೆ ಒಂದು ಅಪರೂಪದ ಕಾಯಿಲೆಯೇ ಸಾಕ್ಷಿ. ಲಿಪೊಡಿಸ್ಟ್ರೊಫಿ ಇರುವವರಲ್ಲಿ ಚರ್ಮದ ಕೆಳಗೆ ಕೊಬ್ಬನ್ನು ಕೂಡಿಡುವ ಅಂಗಾಂಶವೇ ಭಾಗಶಃ ಅಥವಾ ಪೂರ್ತಿಯಾಗಿ ಇರುವುದಿಲ್ಲ. ನೋಡುವವರ ಕಣ್ಣಿಗೆ ಅವರು ನರನರ ಕಾಣುವಷ್ಟು ತೆಳ್ಳಗಿರುತ್ತಾರೆ. ಆದರೆ ಅವರ ಲಿವರ್ ಕೊಬ್ಬಿನಿಂದ ಉಬ್ಬಿರುತ್ತದೆ, ಚಿಕ್ಕ ವಯಸ್ಸಿನಲ್ಲೇ ಸಕ್ಕರೆ ಕಾಯಿಲೆ ಕಾಡುತ್ತದೆ. ಕಣಜವೇ ಇಲ್ಲದ ಮನೆಯಲ್ಲಿ ಮೂಟೆಗಳೆಲ್ಲ ಅಡುಗೆಮನೆಗೆ ಬಂದು ಬೀಳುತ್ತವೆ. ಸಾಮಾನ್ಯ ಬೊಜ್ಜಿನಲ್ಲಿ ನಡೆಯುವುದೂ ಕೊನೆಗೆ ಇದೇ. ಅಲ್ಲಿ ಕಣಜವಿದೆ, ಆದರೆ ತುಂಬಿ ತುಳುಕುತ್ತಿದೆ. ಕೊಬ್ಬಿನ ಕೋಶಗಳು ಹಿಗ್ಗಿ ಹಿಗ್ಗಿ, ಅವುಗಳಿಗೆ ಆಮ್ಲಜನಕವೂ ಸರಿಯಾಗಿ ತಲುಪದಂತಾಗಿ, ಕೆಲವು ಸಾಯುತ್ತವೆ. ಸತ್ತ ಕೋಶಗಳ ಸುತ್ತ ರಕ್ಷಣಾ ಕೋಶಗಳು ಮುತ್ತಿಕೊಂಡು ಉರಿಯೂತ ಶುರುವಾಗುತ್ತದೆ. ಇಂಥ ಕಣಜ ಸೋರತೊಡಗುತ್ತದೆ. ಮೊದಲು ಹೊಟ್ಟೆಯೊಳಗೆ, ಕರುಳಿನ ಸುತ್ತ ಕೊಬ್ಬು ಸೇರುತ್ತದೆ. ಅಲ್ಲಿಂದ ಹೊರಟ ಕೊಬ್ಬಿನಾಮ್ಲಗಳು ಪೋರ್ಟಲ್ ಅಭಿಧಮನಿಯ ನೇರ ದಾರಿಯಲ್ಲಿ ಲಿವರಿಗೆ ಬರುತ್ತವೆ.

ಯಾರ ಕಣಜ ಯಾವಾಗ ತುಂಬುತ್ತದೆ ಎಂಬುದು ಒಬ್ಬೊಬ್ಬರಲ್ಲಿ ಒಂದೊಂದು ರೀತಿ. 110 ಕಿಲೋ ತೂಗುವವರೊಬ್ಬರ ಲಿವರ್ ಶುದ್ಧವಾಗಿರಬಹುದು, 68 ಕಿಲೋದ ಇನ್ನೊಬ್ಬರದು ಕೊಬ್ಬಿನಿಂದ ತುಂಬಿರಬಹುದು. ಏಷ್ಯಾದ ಜನರಲ್ಲಿ ಕಡಿಮೆ ತೂಕದಲ್ಲೇ ಹೊಟ್ಟೆಯೊಳಗಿನ ಕೊಬ್ಬು ಹೆಚ್ಚುವುದರಿಂದ, ಅವರಿಗೆ ದೇಹತೂಕ ಸೂಚ್ಯಂಕ (ಎತ್ತರಕ್ಕೆ ಹೋಲಿಸಿ ತೂಕವನ್ನು ಅಳೆಯುವ ಬಿಎಂಐ) 25ರ ಬದಲು 23 ದಾಟಿದಾಗಲೇ ಎಚ್ಚರ ವಹಿಸಬೇಕೆಂಬ ಮಾನದಂಡ ಬಳಕೆಯಲ್ಲಿದೆ. ಆನುವಂಶಿಕತೆಯ ಪಾತ್ರವೂ ದೊಡ್ಡದು. 2008ರಲ್ಲಿ ಗುರುತಿಸಲಾದ ಪಿಎನ್‌ಪಿಎಲ್‌ಎ3 ಎಂಬ ಜೀನ್‌ನ ಒಂದು ರೂಪ ಇರುವವರಲ್ಲಿ ಲಿವರಿನ ಕೊಬ್ಬು ಸುಲಭವಾಗಿ ಕರಗುವುದಿಲ್ಲ. ತೂಕದ ಯಂತ್ರ ತೋರಿಸುವ ಅಂಕಿಗಿಂತ ಸೊಂಟದ ಸುತ್ತಳತೆ ಲಿವರಿನ ಬಗ್ಗೆ ಹೆಚ್ಚು ನಿಜ ಹೇಳುತ್ತದೆ ಎಂಬುದು ಇದೇ ಕಾರಣಕ್ಕೆ. ಹಾಗೆಂದು ತೂಕವನ್ನು ಲಘುವಾಗಿ ನೋಡುವಂತಿಲ್ಲ. ಜಗತ್ತಿನ ವಯಸ್ಕರಲ್ಲಿ ಹತ್ತಕ್ಕೆ ಸುಮಾರು ಮೂವರಿಗೆ ಫ್ಯಾಟಿ ಲಿವರ್ ಇದೆ. ಬೊಜ್ಜಿರುವವರನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡರೆ ಹತ್ತಕ್ಕೆ ಸುಮಾರು ಏಳು ಮಂದಿಗೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2022ರಲ್ಲಿ ಬೊಜ್ಜಿನೊಂದಿಗೆ ಬದುಕುತ್ತಿದ್ದ ವಯಸ್ಕರ ಸಂಖ್ಯೆ 89 ಕೋಟಿ.

ಕೊಬ್ಬು ಎಲ್ಲಿಂದ ಬಂತು?

"ನಾನು ಎಣ್ಣೆ ತುಪ್ಪ ಮುಟ್ಟುವುದೇ ಇಲ್ಲ, ಲಿವರಿನಲ್ಲಿ ಕೊಬ್ಬು ಹೇಗೆ ಬಂತು?" ಎಂಬ ಪ್ರಶ್ನೆ ತುಂಬ ಮಂದಿಯದು. ನ್ಯಾಯವಾದ ಪ್ರಶ್ನೆ. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸಂಶೋಧಕರು ಕೊಬ್ಬಿನಾಮ್ಲಗಳಿಗೆ ಗುರುತು ಹಚ್ಚಿ, ಫ್ಯಾಟಿ ಲಿವರ್ ಇರುವವರ ಲಿವರಿಗೆ ಅವು ಯಾವ ದಾರಿಯಿಂದ ಬಂದವೆಂದು ಹಿಂಬಾಲಿಸಿದರು. ಸುಮಾರು 59 ಶೇಕಡಾ ಬಂದದ್ದು ದೇಹದಲ್ಲಿ ಆಗಲೇ ಕೂಡಿಟ್ಟಿದ್ದ ಕೊಬ್ಬಿನಿಂದ. ಸುಮಾರು 26 ಶೇಕಡಾವನ್ನು ಲಿವರ್ ತಾನೇ ಸಕ್ಕರೆ ಪಿಷ್ಟಗಳಿಂದ ಹೊಸದಾಗಿ ತಯಾರಿಸಿತ್ತು. ನೇರವಾಗಿ ಊಟದ ಕೊಬ್ಬಿನಿಂದ ಬಂದದ್ದು 15 ಶೇಕಡಾ ಮಾತ್ರ.

ಮೊದಲ ಎರಡು ದಾರಿಗಳ ಬಾಗಿಲು ಕಾಯುವುದು ಇನ್ಸುಲಿನ್. ಊಟವಾದ ಮೇಲೆ ಮೇದೋಜೀರಕ ಗ್ರಂಥಿಯಿಂದ ಹೊರಬರುವ ಇನ್ಸುಲಿನ್ ಕೊಬ್ಬಿನ ಕಣಜಕ್ಕೆ "ಈಗ ಊಟ ಬಂದಿದೆ, ದಾಸ್ತಾನು ಬಿಡಬೇಡ" ಎಂದು ಆಜ್ಞೆ ಕೊಡುತ್ತದೆ. ಉರಿಯೂತ ಹಿಡಿದ ಕಣಜ ಈ ಆಜ್ಞೆಗೆ ಕಿವಿಗೊಡುವುದಿಲ್ಲ. ಹಗಲೂ ರಾತ್ರಿಯೂ ಕೊಬ್ಬಿನಾಮ್ಲಗಳನ್ನು ರಕ್ತಕ್ಕೆ ಬಿಡುತ್ತಲೇ ಇರುತ್ತದೆ. ಇದಕ್ಕೇ ಇನ್ಸುಲಿನ್ ಪ್ರತಿರೋಧ ಎಂದು ಹೆಸರು. ಮಾತು ಕೇಳಿಸಿಕೊಳ್ಳದವರ ಮುಂದೆ ದನಿ ಏರಿಸುವಂತೆ ದೇಹ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ. ಇಲ್ಲಿ ಲಿವರಿನ ನಡತೆ ವಿಚಿತ್ರ. ಇನ್ಸುಲಿನ್ ಕೊಡುವ ಎರಡು ಆಜ್ಞೆಗಳಲ್ಲಿ "ಸಕ್ಕರೆ ತಯಾರಿಸುವುದನ್ನು ನಿಲ್ಲಿಸು" ಎಂಬುದು ಅದಕ್ಕೆ ಸರಿಯಾಗಿ ಕೇಳಿಸುವುದಿಲ್ಲ. "ಇರುವ ಸಕ್ಕರೆಯನ್ನು ಕೊಬ್ಬಾಗಿ ಮಾಡು" ಎಂಬುದು ಚೆನ್ನಾಗಿ ಕೇಳಿಸುತ್ತದೆ. ಹೀಗೆ ರಕ್ತದಲ್ಲಿ ಸಕ್ಕರೆಯೂ ಏರುತ್ತದೆ, ಲಿವರಿನಲ್ಲಿ ಕೊಬ್ಬೂ ಏರುತ್ತದೆ. ಸಕ್ಕರೆ ಕಾಯಿಲೆ ಮತ್ತು ಫ್ಯಾಟಿ ಲಿವರ್ ಒಂದನ್ನೊಂದು ಬಿಟ್ಟಿರದ ಜೋಡಿಯಾಗಿರುವುದರ ಗುಟ್ಟು ಇದು.

ಹಕ್ಕಿಗಳ ಉದಾಹರಣೆಯೊಂದು ಇಲ್ಲಿ ಕಣ್ಣು ತೆರೆಸುವಂಥದ್ದು. ವಲಸೆ ಹೋಗುವ ಬಾತುಕೋಳಿ, ಹೆಬ್ಬಾತುಗಳಿಗೆ ದೂರದ ಹಾರಾಟಕ್ಕೆ ಮುಂಚೆ ಲಿವರಿನಲ್ಲಿ ಕೊಬ್ಬು ಕೂಡಿಟ್ಟುಕೊಳ್ಳುವ ಶಕ್ತಿಯಿದೆ. ಈ ಗುಣವನ್ನೇ ಬಳಸಿಕೊಂಡು ಮನುಷ್ಯ ಅವುಗಳಿಗೆ ಒತ್ತಾಯದಿಂದ ಉಣಿಸಿ ಲಿವರನ್ನು ಹಲವು ಪಟ್ಟು ಹಿಗ್ಗಿಸುತ್ತಾನೆ. ಹಾಗೆ ಉಣಿಸುವುದು ಮುಖ್ಯವಾಗಿ ಮೆಕ್ಕೆಜೋಳವನ್ನು. ಅದರಲ್ಲಿ ಹೆಚ್ಚಾಗಿ ಇರುವುದು ಪಿಷ್ಟ. ಕಾಳಿನ ಪಿಷ್ಟ ಎರಡೇ ವಾರಗಳಲ್ಲಿ ಲಿವರಿನ ಕೊಬ್ಬಾಗಿ ಮಾರ್ಪಡುತ್ತದೆ. ಹಕ್ಕಿ ಹಾರಿದರೆ ಆ ಕೊಬ್ಬು ದಾರಿಯಲ್ಲೇ ಉರಿದುಹೋಗುತ್ತದೆ. ನಾವು ಕೂಡಿಟ್ಟುಕೊಳ್ಳುತ್ತೇವೆ, ಹಾರುವುದಿಲ್ಲ.

ಸಕ್ಕರೆಗಳಲ್ಲಿ ಫ್ರಕ್ಟೋಸ್ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ನಾವು ಬಳಸುವ ಬಿಳಿ ಸಕ್ಕರೆಯಲ್ಲಿ ಅರ್ಧ ಗ್ಲುಕೋಸ್, ಅರ್ಧ ಫ್ರಕ್ಟೋಸ್. ಗ್ಲುಕೋಸನ್ನು ದೇಹದ ಎಲ್ಲ ಕೋಶಗಳೂ ಹಂಚಿಕೊಂಡು ಉರಿಸುತ್ತವೆ. ಫ್ರಕ್ಟೋಸಿನ ಬಹುಪಾಲು ಹೊರೆ ಲಿವರಿನ ಮೇಲೆಯೇ ಬೀಳುತ್ತದೆ, ಮತ್ತು ಅಲ್ಲಿ ಅದು ಕೊಬ್ಬಾಗುವ ದಾರಿಗೆ ಅಡೆತಡೆ ಕಡಿಮೆ. ಇಡೀ ಹಣ್ಣನ್ನು ಅಗಿದು ತಿಂದಾಗ ನಾರಿನೊಂದಿಗೆ ನಿಧಾನವಾಗಿ, ಸ್ವಲ್ಪಸ್ವಲ್ಪವೇ ಬರುವ ಫ್ರಕ್ಟೋಸ್ ತೊಂದರೆ ಕೊಡುವುದಿಲ್ಲ. ಸಿಹಿ ಪಾನೀಯದ ಬಾಟಲಿ ನಿಮಿಷಗಳಲ್ಲಿ ಖಾಲಿಯಾದಾಗ ಅದು ಪ್ರವಾಹದಂತೆ ಬರುತ್ತದೆ. ಲಿವರಿನ ದೃಷ್ಟಿಯಿಂದ ಮೊದಲು ಬಿಡಬೇಕಾದ ಒಂದೇ ಒಂದು ವಸ್ತು ಯಾವುದು ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ಸಿಹಿ ಪಾನೀಯ.

ಕೊಬ್ಬಿನಿಂದ ಗಾಯಕ್ಕೆ

ಲಿವರಿನ ನೂರು ಕೋಶಗಳಲ್ಲಿ ಐದಕ್ಕಿಂತ ಹೆಚ್ಚಿನವುಗಳಲ್ಲಿ ಕೊಬ್ಬಿನ ಹನಿ ಕಂಡರೆ ಅದು ಫ್ಯಾಟಿ ಲಿವರ್. ಸೂಕ್ಷ್ಮದರ್ಶಕದ ಕೆಳಗೆ ನೋಡಿದರೆ ದುಂಡನೆಯ ಬಿಳಿ ತೂತುಗಳಂತೆ ಕಾಣುತ್ತದೆ. ತುಣುಕನ್ನು ಸಿದ್ಧಪಡಿಸುವಾಗ ಬಳಸುವ ದ್ರಾವಕಗಳಲ್ಲಿ ಕೊಬ್ಬು ಕರಗಿಹೋಗಿ ಅದಿದ್ದ ಜಾಗ ಮಾತ್ರ ಉಳಿದಿರುತ್ತದೆ. ದೊಡ್ಡ ಹನಿಯಿದ್ದ ಕೋಶದಲ್ಲಿ ಕೋಶಕೇಂದ್ರ ಗೋಡೆಗೆ ಒತ್ತಿಕೊಂಡು ಅಂಚಿಗೆ ಸರಿದಿರುತ್ತದೆ. ನೋಡಲು ಗಾಬರಿ ಹುಟ್ಟಿಸುವ ಈ ಚಿತ್ರ ಅಷ್ಟೇನೂ ಅಪಾಯಕಾರಿಯಲ್ಲ. ಕೊಬ್ಬು ಟ್ರೈಗ್ಲಿಸರೈಡ್ ರೂಪದಲ್ಲಿ ಹನಿಯಾಗಿ ಕುಳಿತಿರುವವರೆಗೆ ಅದು ಕಟ್ಟಿಟ್ಟ ಮೂಟೆ.

ಅಪಾಯವಿರುವುದು ಮೂಟೆಗೆ ಸೇರದೆ ಚೆಲ್ಲಾಡುವ ಕೊಬ್ಬಿನಲ್ಲಿ. ಬರುವ ಕೊಬ್ಬಿನಾಮ್ಲಗಳನ್ನು ಉರಿಸಲೂ ಆಗದೆ, ಕಟ್ಟಿಡಲೂ ಆಗದೆ, ರಕ್ತಕ್ಕೆ ಕಳುಹಿಸಲೂ ಆಗದೆ ಹೋದಾಗ ಅವು ಕೋಶದೊಳಗೆ ವಿಷಕಾರಿ ರೂಪಗಳನ್ನು ತಾಳುತ್ತವೆ. ಕೋಶದ ಶಕ್ತಿಕೇಂದ್ರಗಳಾದ, ಅತಿಯಾಗಿ ದುಡಿದ ಮೈಟೊಕಾಂಡ್ರಿಯಗಳಿಂದ ಕಿಡಿಗಳಂತೆ ಆಕ್ಸಿಡೀಕಾರಕ ಕಣಗಳು ಹಾರುತ್ತವೆ. ಕೋಶ ತನ್ನ ಒಳಗಿನ ಆಧಾರದ ಎಳೆಗಳನ್ನು ಕಳೆದುಕೊಂಡು ಬಲೂನಿನಂತೆ ಊದಿಕೊಳ್ಳುತ್ತದೆ. ರೋಗಶಾಸ್ತ್ರಜ್ಞರು ಈ ಊದಿದ ಕೋಶಗಳನ್ನೇ ಹುಡುಕುತ್ತಾರೆ, ಏಕೆಂದರೆ ಸುಮ್ಮನೆ ಕೊಬ್ಬಿರುವ ಲಿವರ್ ಎಲ್ಲಿ ಮುಗಿದು ಕಾಯಿಲೆಬಿದ್ದ ಲಿವರ್ ಎಲ್ಲಿ ಶುರುವಾಯಿತು ಎಂಬುದನ್ನು ತೋರಿಸುವ ಗಡಿಕಲ್ಲು ಅವು. ಸಾಯುತ್ತಿರುವ ಕೋಶಗಳ ಕರೆಗೆ ರಕ್ಷಣಾ ಕೋಶಗಳು ಬಂದು ಸೇರುತ್ತವೆ, ಉರಿಯೂತ ಹಬ್ಬುತ್ತದೆ.

ಈ ಕಥೆಯಲ್ಲಿ ನನಗೆ ಅತ್ಯಂತ ಕುತೂಹಲ ಹುಟ್ಟಿಸುವ ಪಾತ್ರ ನಕ್ಷತ್ರ ಕೋಶ. 1876ರಲ್ಲಿ ಕಾರ್ಲ್ ಫಾನ್ ಕುಪ್ಫರ್ ಇವುಗಳನ್ನು ಮೊದಲು ವರ್ಣಿಸಿದರು. ಕೈಕಾಲು ಚಾಚಿದ ಆಕಾರದಿಂದಾಗಿ ಆ ಹೆಸರು. ಆರೋಗ್ಯವಂತ ಲಿವರಿನಲ್ಲಿ ಇವು ಲಿವರಿನ ಕೋಶಗಳಿಗೂ ರಕ್ತದ ಕಿರುನಾಳಗಳಿಗೂ ನಡುವಿನ ಸಂದಿಯಲ್ಲಿ, ಎ ಜೀವಸತ್ವವನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕುಳಿತಿರುತ್ತವೆ. ಅಕ್ಕಪಕ್ಕದಲ್ಲಿ ಕೋಶಗಳು ಸಾಯುವ ಸುಳಿವು ಸಿಕ್ಕಿದೊಡನೆ ಅವುಗಳ ಸ್ವಭಾವವೇ ಬದಲಾಗುತ್ತದೆ. ಎ ಜೀವಸತ್ವವನ್ನು ಚೆಲ್ಲಿ, ಸಂಖ್ಯೆಯಲ್ಲಿ ಹೆಚ್ಚಿ, ಕೊಲಾಜನ್ ಎಂಬ ಗಟ್ಟಿ ನಾರನ್ನು ನೇಯತೊಡಗುತ್ತವೆ. ಉದ್ದೇಶ ಒಳ್ಳೆಯದೇ, ಗಾಯಕ್ಕೆ ತೇಪೆ ಹಾಕುವುದು. ಕೈಗೆ ಆದ ಗಾಯ ಒಮ್ಮೆ ಆಗಿ ಮಾಯುತ್ತದೆ. ಲಿವರಿನಲ್ಲಿ ಮಾತ್ರ ಪೆಟ್ಟು ಪ್ರತಿದಿನವೂ ಬೀಳುತ್ತಿರುವುದರಿಂದ ತೇಪೆಯ ಮೇಲೆ ತೇಪೆ ಬೀಳುತ್ತ ಹೋಗುತ್ತದೆ. ನಾರಿಗೆ ಬಣ್ಣ ಕೊಟ್ಟು ನೋಡಿದರೆ ಆರಂಭದಲ್ಲಿ ಒಂದೊಂದು ಕೋಶದ ಸುತ್ತಲೂ ತಂತಿಬಲೆ ಹೆಣೆದಂತೆ ಕಾಣುತ್ತದೆ.

ಈ ನಾರಿನ ಹರಡುವಿಕೆಯೇ ಫೈಬ್ರೋಸಿಸ್. ಅದನ್ನು 0ಯಿಂದ 4ರವರೆಗಿನ ಹಂತಗಳಲ್ಲಿ ಅಳೆಯುತ್ತಾರೆ. 4ನೆಯ ಹಂತ ಎಂದರೆ ಸಿರೋಸಿಸ್: ನಾರಿನ ಪಟ್ಟಿಗಳು ಒಂದಕ್ಕೊಂದು ಕೂಡಿಕೊಂಡು ಲಿವರ್ ಗಂಟುಗಂಟಾಗಿ ಬಿಗಿದಿರುತ್ತದೆ. ವರದಿಯಲ್ಲಿ ಬರುವ ಕೊಬ್ಬಿನ ಗ್ರೇಡ್ ಬೇರೆ, ಈ ಹಂತ ಬೇರೆ. ಮುಂದೆ ಲಿವರ್ ಕೈಕೊಡುತ್ತದೋ ಇಲ್ಲವೋ ಎಂಬುದನ್ನು ಎಲ್ಲಕ್ಕಿಂತ ಚೆನ್ನಾಗಿ ಹೇಳುವುದು ಫೈಬ್ರೋಸಿಸ್ ಹಂತ. ಸಿರೋಸಿಸ್ ಬಲಿತಾಗ ಲಿವರಿನ ಕೊಬ್ಬು ಕಡಿಮೆಯಾಗಿಬಿಡುವುದೂ ಉಂಟು. ಆಗ ಸ್ಕ್ಯಾನಿಂಗ್‌ನಲ್ಲಿ ಹೊಳಪು ತಗ್ಗಿದ್ದನ್ನು ಕಂಡು ಸಮಾಧಾನಪಟ್ಟರೆ ಅದಕ್ಕಿಂತ ದೊಡ್ಡ ಮೋಸ ಇನ್ನಿಲ್ಲ.

ಹಾಗಾದರೆ ಎಲ್ಲರೂ ಸಿರೋಸಿಸ್‌ಗೆ ಹೋಗುತ್ತಾರೆಯೇ? ಇಲ್ಲ. ಫ್ಯಾಟಿ ಲಿವರ್ ಇರುವ ಬಹುಪಾಲು ಮಂದಿಯಲ್ಲಿ ಅದು ಕೊಬ್ಬಿನ ಮಟ್ಟದಲ್ಲೇ ಉಳಿಯುತ್ತದೆ. ಫೈಬ್ರೋಸಿಸ್ ಮುಂದುವರಿಯುವವರಲ್ಲೂ ಒಂದು ಹಂತ ಏರಲು, ಬರೀ ಕೊಬ್ಬಿದ್ದರೆ ಸರಾಸರಿ 14 ವರ್ಷ, ಉರಿಯೂತ ಜೊತೆಗಿದ್ದರೆ ಸುಮಾರು 7 ವರ್ಷ ಹಿಡಿಯುತ್ತದೆಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆ ತೋರಿಸಿದೆ. ಕೆಲವರಲ್ಲಿ ಇದಕ್ಕಿಂತ ಬಹಳ ಬೇಗ. ಈ ದೀರ್ಘ ಅವಧಿಯುದ್ದಕ್ಕೂ ಲಿವರ್ ಒಂದು ಮಾತನ್ನೂ ಆಡುವುದಿಲ್ಲ. ಅದರ ಒಳಗೆ ನೋವಿನ ನರಗಳಿಲ್ಲ. ಹೊರಗಿನ ಪೊರೆ ಹಿಗ್ಗಿದಾಗ ಮಾತ್ರ ಬಲಗಡೆ ಸ್ವಲ್ಪ ಭಾರವೆನಿಸಬಹುದು. ಆಯಾಸ ಇರಬಹುದು, ಆದರೆ ಆಯಾಸಕ್ಕೆ ನೂರು ಕಾರಣ. ಹೊಟ್ಟೆಯಲ್ಲಿ ನೀರು ತುಂಬುವುದು, ಅನ್ನನಾಳದ ಉಬ್ಬಿದ ರಕ್ತನಾಳ ಒಡೆದು ರಕ್ತವಾಂತಿಯಾಗುವುದು, ಕಾಮಾಲೆ, ಮಾತಿನಲ್ಲಿ ನಡೆಯಲ್ಲಿ ಗೊಂದಲ ಇವೆಲ್ಲ ಬರುವ ಹೊತ್ತಿಗೆ ಲಿವರ್ ತನ್ನ ಉಳಿತಾಯವನ್ನೆಲ್ಲ ಖರ್ಚು ಮಾಡಿ ಮುಗಿಸಿರುತ್ತದೆ. ಲಿವರ್ ಕ್ಯಾನ್ಸರ್‌ನ ಅಪಾಯವೂ ಸಿರೋಸಿಸ್ ಬೆನ್ನಿಗೇ ಇರುತ್ತದೆ. ಬೊಜ್ಜಿನಿಂದ ಬಂದ ಲಿವರ್ ಕಾಯಿಲೆಯಲ್ಲಿ ಕೆಲವೊಮ್ಮೆ ಸಿರೋಸಿಸ್‌ಗೂ ಮುಂಚೆಯೇ ಕ್ಯಾನ್ಸರ್ ಕಾಣಿಸಿಕೊಳ್ಳುತ್ತದೆ. ಇಷ್ಟೆಲ್ಲ ಇದ್ದರೂ ಫ್ಯಾಟಿ ಲಿವರ್ ಇರುವವರ ಸಾವಿಗೆ ಮೊದಲ ಕಾರಣ ಹೃದಯ ಮತ್ತು ರಕ್ತನಾಳಗಳ ಕಾಯಿಲೆ. ಲಿವರ್ ರಕ್ತಕ್ಕೆ ಹೊರಹಾಕುವ ಹೆಚ್ಚುವರಿ ಕೊಬ್ಬು, ಸಕ್ಕರೆ, ಉರಿಯೂತದ ಪದಾರ್ಥಗಳು ಹೃದಯದ ನಾಳಗಳಿಗೂ ಹೋಗಿ ಮುಟ್ಟುತ್ತವೆ.

ಹೆಸರಿನ ಬಗ್ಗೆ ಒಂದು ಮಾತು. 1980ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ಯುರ್ಗೆನ್ ಲುಡ್ವಿಗ್ ಮತ್ತು ಸಹೋದ್ಯೋಗಿಗಳು, ಮದ್ಯ ಸೇವಿಸದಿದ್ದರೂ ಮದ್ಯಪಾನಿಗಳ ಲಿವರಿನಂತೆಯೇ ಹಾಳಾಗಿದ್ದ 20 ರೋಗಿಗಳ ಲಿವರನ್ನು ವರ್ಣಿಸಿ, ಅದುವರೆಗೆ ಹೆಸರಿಲ್ಲದ ಕಾಯಿಲೆಗೆ 'ಮದ್ಯಜನ್ಯವಲ್ಲದ ಕೊಬ್ಬಿನ ಲಿವರ್ ಉರಿಯೂತ' ಎಂಬ ಅರ್ಥದ 'ನ್ಯಾಶ್' ಎಂಬ ಹೆಸರು ಕೊಟ್ಟರು. ಅದಕ್ಕೂ ಮುಂಚೆ "ನಾನು ಕುಡಿಯುವುದಿಲ್ಲ" ಎಂದು ಹೇಳಿದವರ ಮಾತನ್ನು ನಂಬದ ವೈದ್ಯರೇ ಹೆಚ್ಚಾಗಿದ್ದರು. ಎಷ್ಟು ಮಂದಿ ಆ ಅನುಮಾನದ ನೋಟವನ್ನು ನುಂಗಿಕೊಂಡು ಮನೆಗೆ ಹೋಗಿರಬೇಕು! 2023ರಲ್ಲಿ ಅಂತರರಾಷ್ಟ್ರೀಯ ತಜ್ಞರು ಸೇರಿ 'ಮದ್ಯಜನ್ಯವಲ್ಲದ' ಎಂಬ ಪದವನ್ನೇ ಕೈಬಿಟ್ಟು, ಚಯಾಪಚಯದ ಏರುಪೇರಿಗೆ ಸಂಬಂಧಿಸಿದ ಕಾಯಿಲೆ ಎಂಬ ಅರ್ಥದ 'ಮ್ಯಾಸ್ಲ್‌ಡಿ' ಎಂಬ ಹೆಸರನ್ನು ಒಪ್ಪಿದರು. ಹೊಸ ವರದಿಗಳಲ್ಲಿ ಈ ಹೆಸರು ಕಂಡರೆ ಕಾಯಿಲೆ ಹೊಸದೆಂದು ತಿಳಿಯಬೇಕಿಲ್ಲ. ಬೊಜ್ಜೂ ಮದ್ಯವೂ ಒಟ್ಟಿಗೆ ಇದ್ದವರಲ್ಲಿ ಮಾತ್ರ ಹಾನಿ ಕೂಡುವುದಿಲ್ಲ, ಗುಣಿಸುತ್ತದೆ.

ಒಂದು ಸಣ್ಣ ಲೆಕ್ಕ

ರಕ್ತಪರೀಕ್ಷೆಯ ವರದಿಯಲ್ಲಿ ಎಎಲ್‌ಟಿ, ಎಎಸ್‌ಟಿ ಎಂಬ ಎರಡು ಕಿಣ್ವಗಳ ಅಂಕಿಗಳಿರುತ್ತವೆ. ಅವು ಲಿವರಿನ ಕೋಶಗಳು ಒಡೆದಾಗ ರಕ್ತಕ್ಕೆ ಸೋರುತ್ತವೆ. ಅಂಕಿಗಳು ಮಿತಿಯೊಳಗಿದ್ದರೆ ಲಿವರ್ ಚೆನ್ನಾಗಿದೆ ಎಂಬ ನಂಬಿಕೆ ಗಟ್ಟಿಯಾಗಿದೆ. ಆ ನಂಬಿಕೆ ಎಷ್ಟು ಅಪಾಯಕಾರಿ ಎಂಬುದನ್ನು ಒಂದು ಉದಾಹರಣೆಯಿಂದ ನೋಡೋಣ.

55 ವರ್ಷದ ಒಬ್ಬರ ವರದಿ ಎಂದುಕೊಳ್ಳಿ. ಎಎಸ್‌ಟಿ 36, ಎಎಲ್‌ಟಿ 36, ಪ್ಲೇಟ್‌ಲೆಟ್ 1,60,000. ಯಾವ ಅಂಕಿಯ ಪಕ್ಕದಲ್ಲೂ ಎಚ್ಚರಿಕೆಯ ಗುರುತಿಲ್ಲ. ಈಗ ವಯಸ್ಸನ್ನು ಎಎಸ್‌ಟಿಯಿಂದ ಗುಣಿಸೋಣ: 55 ಗುಣಿಸು 36, ಅಂದರೆ 1980. ಎಎಲ್‌ಟಿಯ ವರ್ಗಮೂಲ 6. ಪ್ಲೇಟ್‌ಲೆಟ್ ಸಂಖ್ಯೆಯನ್ನು ಸಾವಿರಗಳಲ್ಲಿ ತೆಗೆದುಕೊಂಡರೆ 160. ಅದನ್ನು 6ರಿಂದ ಗುಣಿಸಿದರೆ 960. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 2.06. ಇದರ ಹೆಸರು ಫಿಬ್-4. ಉತ್ತರ 1.3ಕ್ಕಿಂತ ಕಡಿಮೆ ಬಂದರೆ ಲಿವರಿನಲ್ಲಿ ಬಲಿತ ಫೈಬ್ರೋಸಿಸ್ ಇರುವ ಸಾಧ್ಯತೆ ಕಡಿಮೆ. 2.67 ದಾಟಿದರೆ ಸಾಧ್ಯತೆ ಹೆಚ್ಚು. ನಡುವೆ ಬಂದರೆ ಮುಂದಿನ ಪರೀಕ್ಷೆ ಬೇಕು. ಎಲ್ಲವೂ ಸರಿಯಿದೆ ಎಂದು ಬೀರುವಿಗೆ ಸೇರಬಹುದಾಗಿದ್ದ ವರದಿ, ನಿಲ್ಲಿ, ಇನ್ನೊಮ್ಮೆ ನೋಡಿ ಎನ್ನುತ್ತಿದೆ. ನಾರಿನಿಂದ ಬಿಗಿದ ಲಿವರಿನಲ್ಲಿ ರಕ್ತದ ಹರಿವಿಗೆ ತಡೆಯಾಗಿ ಗುಲ್ಮ ಹಿಗ್ಗುತ್ತದೆ, ಹಿಗ್ಗಿದ ಗುಲ್ಮ ಪ್ಲೇಟ್‌ಲೆಟ್‌ಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಪ್ಲೇಟ್‌ಲೆಟ್ ಈ ಲೆಕ್ಕದಲ್ಲಿ ಬಂದಿರುವುದು ಅದಕ್ಕೇ. 65 ದಾಟಿದವರಲ್ಲಿ ವಯಸ್ಸೇ ಉತ್ತರವನ್ನು ಏರಿಸುವುದರಿಂದ ಕೆಳಗಿನ ಗಡಿಯನ್ನು 2ಕ್ಕೆ ಏರಿಸುತ್ತಾರೆ. 35ಕ್ಕಿಂತ ಚಿಕ್ಕವರಲ್ಲಿ ಈ ಲೆಕ್ಕ ಅಷ್ಟು ನಂಬಿಕೆಗೆ ಅರ್ಹವಲ್ಲ.

ಮುಂದಿನ ಪರೀಕ್ಷೆ ಸಾಮಾನ್ಯವಾಗಿ ಫೈಬ್ರೋಸ್ಕ್ಯಾನ್. ಪಕ್ಕೆಲುಬುಗಳ ನಡುವೆ ಇಟ್ಟ ಸಾಧನ ಬೆರಳಿನಿಂದ ತಟ್ಟಿದಂತೆ ಮೆಲ್ಲನೆ ತಟ್ಟುತ್ತದೆ. ಆ ಕಂಪನ ಲಿವರಿನೊಳಗೆ ಎಷ್ಟು ವೇಗವಾಗಿ ಸಾಗಿತು ಎಂಬುದನ್ನು ಅಳೆಯುತ್ತದೆ. ಗಟ್ಟಿಯಾದ ಲಿವರಿನಲ್ಲಿ ವೇಗ ಹೆಚ್ಚು. ಉತ್ತರ ಕಿಲೋಪ್ಯಾಸ್ಕಲ್‌ಗಳಲ್ಲಿ ಬರುತ್ತದೆ. 8ಕ್ಕಿಂತ ಕಡಿಮೆಯಿದ್ದರೆ ಸದ್ಯಕ್ಕೆ ನೆಮ್ಮದಿ. ಬೊಜ್ಜಿರುವವರಿಗೆಂದೇ ದೊಡ್ಡ ಗಾತ್ರದ ಸಾಧನವಿದೆ, ಅದನ್ನು ಬಳಸಿದ್ದಾರೆಯೇ ಎಂದು ಕೇಳುವುದು ತಪ್ಪಲ್ಲ. ಸೂಜಿಯಿಂದ ಲಿವರಿನ ತುಣುಕು ತೆಗೆಯುವ ಬಯಾಪ್ಸಿ ಈಗ ಕೆಲವರಿಗಷ್ಟೇ ಬೇಕಾಗುತ್ತದೆ. ಅದು ಕೂಡ ಇಡೀ ಲಿವರಿನ ಸುಮಾರು 50,000ದಲ್ಲಿ ಒಂದು ಭಾಗವನ್ನು ಮಾತ್ರ ತೋರಿಸುತ್ತದೆ. ಆದ್ದರಿಂದ ಫ್ಯಾಟಿ ಲಿವರ್ ಎಂಬ ವರದಿ ಹಿಡಿದು ವೈದ್ಯರ ಮುಂದೆ ಕುಳಿತವರು ಕೇಳಬೇಕಾದ ಪ್ರಶ್ನೆ "ಎಷ್ಟನೆಯ ಗ್ರೇಡ್?" ಎಂಬುದಲ್ಲ. "ಡಾಕ್ಟರೇ, ಗಾಯದ ನಾರು ಬೆಳೆದಿದೆಯೇ? ನನ್ನ ಫಿಬ್-4 ಎಷ್ಟು?" ಎಂದು ಕೇಳಬೇಕು.

ಬಂದ ದಾರಿಯಲ್ಲೇ ವಾಪಸ್ಸು

ಇಷ್ಟು ಹೊತ್ತು ಓದಿ ಮನಸ್ಸು ಭಾರವಾದವರಿಗೆ ಹೇಳಬೇಕಾದ ಒಳ್ಳೆಯ ಸುದ್ದಿ ಸಣ್ಣದಲ್ಲ. ಲಿವರಿನಷ್ಟು ಕ್ಷಮಿಸುವ ಅಂಗ ದೇಹದಲ್ಲಿ ಇನ್ನೊಂದಿಲ್ಲ. ಶಸ್ತ್ರಚಿಕಿತ್ಸೆಯಲ್ಲಿ ಅರ್ಧಕ್ಕಿಂತ ಹೆಚ್ಚು ತೆಗೆದರೂ ಉಳಿದದ್ದು ತಿಂಗಳುಗಳಲ್ಲಿ ಬೆಳೆದು ಹಳೆಯ ಗಾತ್ರಕ್ಕೆ ಹತ್ತಿರವಾಗುತ್ತದೆ. ಪೆಟ್ಟು ನಿಂತರೆ ನಕ್ಷತ್ರ ಕೋಶಗಳು ನೇಯುವುದನ್ನು ನಿಲ್ಲಿಸುತ್ತವೆ, ನೇಯ್ದ ನಾರನ್ನು ಕಿಣ್ವಗಳು ಬಿಡಿಸತೊಡಗುತ್ತವೆ.

ಎಷ್ಟು ತೂಕ ಇಳಿದರೆ ಏನಾಗುತ್ತದೆ ಎಂಬುದಕ್ಕೆ ಕ್ಯೂಬಾದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ಸ್ಪಷ್ಟ ಉತ್ತರ ಕೊಟ್ಟಿದೆ. ಉರಿಯೂತದ ಹಂತ ತಲುಪಿದ್ದ 293 ಮಂದಿ ಒಂದು ವರ್ಷ ಆಹಾರ ಮತ್ತು ವ್ಯಾಯಾಮವನ್ನು ಬದಲಿಸಿಕೊಂಡರು. ತೂಕದಲ್ಲಿ ಶೇಕಡಾ 10 ಅಥವಾ ಹೆಚ್ಚು ಇಳಿಸಿದವರಲ್ಲಿ 90 ಶೇಕಡಾ ಮಂದಿಗೆ ಉರಿಯೂತದ ಕಾಯಿಲೆ ಗುಣವಾಗಿತ್ತು, 45 ಶೇಕಡಾ ಮಂದಿಯಲ್ಲಿ ಫೈಬ್ರೋಸಿಸ್ ಹಿಂದಕ್ಕೆ ಸರಿದಿತ್ತು. 90 ಕಿಲೋ ಇರುವವರಿಗೆ ಇದು 9 ಕಿಲೋ. ಅಷ್ಟು ಆಗದಿದ್ದರೆ ಪ್ರಯೋಜನವಿಲ್ಲ ಎಂದೇನಲ್ಲ: ನಾಲ್ಕೂವರೆ ಕಿಲೋ ಇಳಿದಾಗಲೇ ಲಿವರಿನ ಕೊಬ್ಬು ಕರಗಲು ಶುರುವಾಗಿರುತ್ತದೆ, ಆರೂಕಾಲು ಕಿಲೋ ಹೊತ್ತಿಗೆ ಉರಿಯೂತ ತಗ್ಗುತ್ತದೆ. ಹೊರಗಿನಿಂದ ನೋಡುವವರಿಗೆ ವ್ಯತ್ಯಾಸವೇ ತಿಳಿಯದ ಐದು ಕಿಲೋ ಲಿವರಿಗೆ ಬಹಳ ದೊಡ್ಡದು. ಕಣಜದಿಂದ ಮೂಟೆ ಇಳಿಯುವ ಮೊದಲು ಅಡುಗೆಮನೆ ಖಾಲಿಯಾಗುತ್ತದೆ.

ಆ ವರ್ಷದಲ್ಲಿ 10 ಶೇಕಡಾ ಇಳಿಸಿದವರು ಹತ್ತಕ್ಕೆ ಒಬ್ಬರು ಮಾತ್ರ ಎಂಬುದನ್ನೂ ಮುಚ್ಚಿಡಬಾರದು. ತೂಕ ಇಳಿಸುವುದು ಕಷ್ಟ. ಹಸಿವು, ನಿದ್ರೆ, ಹಾರ್ಮೋನು, ಕೆಲಸದ ರೀತಿ, ವಂಶವಾಹಿ ಎಲ್ಲವೂ ಎದುರು ನಿಲ್ಲುತ್ತವೆ. ಅದನ್ನು ಇಚ್ಛಾಶಕ್ತಿಯ ಕೊರತೆ ಎಂದು ಹೀಯಾಳಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನಾಚಿಕೆಪಟ್ಟವರು ವೈದ್ಯರ ಬಳಿಗೆ ಬರುವುದನ್ನೇ ಬಿಡುತ್ತಾರೆ, ಆಗ ಗಾಯ ಬೆಳೆಯುವುದನ್ನು ನೋಡುವವರೇ ಇರುವುದಿಲ್ಲ. ತೂಕ ಕದಲದಿದ್ದರೂ ವಾರಕ್ಕೆ 150 ನಿಮಿಷಗಳ ಚುರುಕು ನಡಿಗೆ ಲಿವರಿನ ಕೊಬ್ಬನ್ನು ಇಳಿಸುತ್ತದೆ, ಏಕೆಂದರೆ ದುಡಿಯುವ ಸ್ನಾಯು ಇನ್ಸುಲಿನ್ ಮಾತಿಗೆ ಮತ್ತೆ ಕಿವಿಗೊಡುತ್ತದೆ. ಕಾಫಿ ಕುಡಿಯುವವರಲ್ಲಿ ಫೈಬ್ರೋಸಿಸ್ ಕಡಿಮೆಯಿರುವುದು ಹಲವು ಅಧ್ಯಯನಗಳಲ್ಲಿ ಕಂಡುಬಂದಿದೆ. ಸಕ್ಕರೆ ಸುರಿಯದಿದ್ದರೆ ಅದನ್ನು ಬಿಡುವ ಅಗತ್ಯವಿಲ್ಲ. ಉಪವಾಸ ಬಿದ್ದು ತಿಂಗಳಿಗೆ ಹತ್ತು ಕಿಲೋ ಇಳಿಸುವ ಸಾಹಸ ಬೇಡ. ಕಣಜದಿಂದ ಒಮ್ಮೆಲೇ ಹೊರಟ ಕೊಬ್ಬೆಲ್ಲ ಲಿವರಿಗೇ ಬಂದು ಅಪ್ಪಳಿಸುತ್ತದೆ, ಪಿತ್ತಕೋಶದಲ್ಲಿ ಕಲ್ಲು ಕಟ್ಟುತ್ತದೆ. 'ಲಿವರ್ ಶುದ್ಧಿ' ಎಂದು ಮಾರಾಟವಾಗುವ ಪುಡಿ, ಕಷಾಯ, ಮಾತ್ರೆಗಳಿಂದಲೂ ದೂರವಿರಿ: ಗಿಡಮೂಲಿಕೆಯ ಉತ್ಪನ್ನಗಳಿಂದಲೇ ಲಿವರ್ ಹಾಳಾಗಿ ಆಸ್ಪತ್ರೆ ಸೇರುವವರಿದ್ದಾರೆ. ಕೊಲೆಸ್ಟ್ರಾಲ್‌ಗೆ ಕೊಡುವ ಸ್ಟ್ಯಾಟಿನ್ ಮಾತ್ರೆಯನ್ನು ಮಾತ್ರ ಫ್ಯಾಟಿ ಲಿವರ್ ಇದೆಯೆಂದು ಹೆದರಿ ನಿಲ್ಲಿಸಬೇಡಿ. ಅದು ಇಂಥವರಿಗೆ ಸುರಕ್ಷಿತ, ಹೃದಯಕ್ಕೆ ಬೇಕಾದದ್ದು.

ಔಷಧಗಳಲ್ಲಿ ದಶಕಗಳ ಬರ ಈಗ ಮುಗಿದಿದೆ. 2024ರ ಮಾರ್ಚ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಕಾಯಿಲೆಗೆಂದೇ ಮೊದಲ ಮಾತ್ರೆಯಾದ ರೆಸ್ಮೆಟಿರೊಮ್‌ಗೆ ಅನುಮತಿ ಕೊಟ್ಟಿತು. 2025ರ ಆಗಸ್ಟ್‌ನಲ್ಲಿ ತೂಕ ಇಳಿಸುವ ಚುಚ್ಚುಮದ್ದು ಸೆಮಾಗ್ಲುಟೈಡ್‌ಗೂ ಕೊಟ್ಟಿತು. ಎರಡೂ 2 ಮತ್ತು 3ನೆಯ ಹಂತದ ಫೈಬ್ರೋಸಿಸ್ ಇರುವವರಿಗೆ, ಸಿರೋಸಿಸ್ ತಲುಪಿದವರಿಗಲ್ಲ. ತೀವ್ರ ಬೊಜ್ಜಿರುವವರಲ್ಲಿ ತೂಕ ಇಳಿಸಲೆಂದು ಮಾಡುವ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆ ಲಿವರನ್ನು ಗಮನಾರ್ಹವಾಗಿ ಚೇತರಿಸುತ್ತದೆ. ಯಾವುದು ಯಾರಿಗೆ ಎಂಬುದು ಮತ್ತೆ ಅದೇ ನಾರಿನ ಹಂತದ ಮೇಲೆ ನಿಂತಿದೆ. ಸಿರೋಸಿಸ್ ಆಗಲೇ ಇದೆಯೆಂದು ತಿಳಿದವರು ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ತಪ್ಪಿಸಬಾರದು. ಗಡ್ಡೆ ಚಿಕ್ಕದಿರುವಾಗಲೇ ಸಿಕ್ಕರೆ ಅದನ್ನು ತೆಗೆದು ಗುಣಪಡಿಸುವ ದಾರಿಗಳಿವೆ.

ಇನ್ನೊಂದು ವಿಷಯ. ಈ ಕಾಯಿಲೆ ಕುಟುಂಬಗಳಲ್ಲಿ ಹರಿಯುತ್ತದೆ, ಮಕ್ಕಳಲ್ಲೂ ಕಾಣಿಸಿಕೊಳ್ಳುತ್ತಿದೆ. ಒಬ್ಬರಿಗೆ ಫೈಬ್ರೋಸಿಸ್ ಬಲಿತಿದೆ ಎಂದು ಗೊತ್ತಾದರೆ ಅವರ ಅಣ್ಣ, ತಂಗಿ, ಮಕ್ಕಳಿಗೂ ಅಪಾಯ ಉಳಿದವರಿಗಿಂತ ಹೆಚ್ಚು, ಅವರಿಗೆ ಒಂದೂ ಲಕ್ಷಣ ಇಲ್ಲದಿದ್ದರೂ. ಬೀರುವಿನಲ್ಲಿರುವ ಹಳೆಯ ವರದಿಯನ್ನು ಹೊರತೆಗೆದಾಗ, ಮನೆಯ ಉಳಿದವರ ರಕ್ತಪರೀಕ್ಷೆಯ ಹಾಳೆಗಳನ್ನೂ ಪಕ್ಕದಲ್ಲಿಟ್ಟುಕೊಂಡು ಆ ನಾಲ್ಕು ಅಂಕಿಗಳ ಲೆಕ್ಕವನ್ನು ಒಮ್ಮೆ ಮಾಡಿ ನೋಡಿ.